ಸಮುದ್ರದಡಿಯ ಇಂಟರ್ನೆಟ್ ಕೇಬಲ್ಲಿಗೆ ಭೂಕಂಪ ಹೇಗೆ ಗೊತ್ತಾಗುತ್ತೆ?

ಭೂಕಂಪ ಅಳೆಯೋ ಸೀಸ್ಮೋಮೀಟರುಗಳು ಪ್ರಪಂಚದಲ್ಲಿ ಸಾವಿರಗಟ್ಟಲೆ ಇವೆ, ಆದ್ರೆ ಹೆಚ್ಚುಕಮ್ಮಿ ಎಲ್ಲಾನೂ ನೆಲದ ಮೇಲೆ. ಭೂಮಿ ಮೇಲ್ಮೈಯಲ್ಲಿ ಶೇ. 70ರಷ್ಟು ಸಮುದ್ರ, ದೊಡ್ಡ ದೊಡ್ಡ ಭೂಕಂಪಗಳು, ಅದ್ರಲ್ಲೂ ಸುನಾಮಿ ಎಬ್ಬಿಸೋವಂಥವು, ಹುಟ್ಟೋದು ಹೆಚ್ಚಾಗಿ ಆ ನೀರಿನಡಿಯಲ್ಲೇ, ಭೂಮಿಯ ಹೊರಪದರದ ಒಂದು ಪ್ಲೇಟು ಇನ್ನೊಂದರ ಕೆಳಗೆ ನುಗ್ಗೋ ಜಾಗಗಳಲ್ಲಿ. ಅಲ್ಲಿ ಕೇಳಿಸ್ಕೊಳ್ಳೋಕೆ ಯಾರೂ ಇಲ್ಲ. ನಡುನೀರಲ್ಲಿ ನೆಲ ಅದುರಿದ್ರೆ ಆ ಕಂಪನ ಕಲ್ಲೊಳಗೆ ನೂರಾರು ಕಿ.ಮೀ. ಓಡಿಬಂದು ದಡದ ಮೆಷಿನ್ನಿಗೆ ತಾಗಿದ ಮೇಲೇ ನಮಗೆ ಸುದ್ದಿ, ಅಷ್ಟೊತ್ತಿಗೆ ದಡದಲ್ಲಿರೋ ಊರಿಗೂ ಅದು ಬಂದಾಗಿರುತ್ತೆ.

ಹಾಗಾದ್ರೆ ಸಮುದ್ರದ ತಳಕ್ಕೇ ಮೆಷಿನ್ ಇಳಿಸಬಹುದಲ್ಲ ಅಂತೀರ. ಇಳಿಸ್ತಾರೆ. ಹಡಗಲ್ಲಿ ಹೋಗಿ, ಬ್ಯಾಟರಿ ಹಾಕಿರೋ ಸೀಸ್ಮೋಮೀಟರಿಗೆ ಭಾರ ಕಟ್ಟಿ ಕೆಳಗೆ ಬಿಡೋದು, ತಿಂಗಳುಗಟ್ಟಲೆ ಅಲ್ಲೇ ಇರುತ್ತೆ, ಆಮೇಲೆ ಮತ್ತೆ ಹಡಗಲ್ಲಿ ಹೋಗಿ ಶಬ್ದದ ಸಿಗ್ನಲ್ ಕೊಟ್ರೆ ಭಾರ ಕಳಚ್ಕೊಂಡು ಮೇಲಕ್ಕೆ ತೇಲ್ಕೊಂಡು ಬರುತ್ತೆ, ಬಂದ್ರೆ ಬಂತು. ಹೋದ ವರ್ಷದ ಭೂಕಂಪದ ಡೇಟಾ ಈ ವರ್ಷ ಕೈಗೆ ಸಿಗುತ್ತೆ, ಸಂಶೋಧನೆಗೆ ಸರಿ, ಎಚ್ಚರಿಕೆ ಕೊಡೋಕೆ ಏನೂ ಪ್ರಯೋಜನ ಇಲ್ಲ. ಜಪಾನ್ 2011ರ ಸುನಾಮಿ ಆದ ಮೇಲೆ ಎಸ್-ನೆಟ್ ಅಂತ ಮಾಡ್ತು, ಸುಮಾರು 5,500 ಕಿ.ಮೀ. ಕೇಬಲ್ ಎಳೆದು ಅದಕ್ಕೆ 150 ಸೆನ್ಸಾರ್ ಕೇಂದ್ರ ಪೋಣಿಸಿ ತನ್ನ ಪೂರ್ವ ಕರಾವಳಿ ಎದುರಿಗೆ ಹಾಸಿಬಿಡ್ತು, ಕಂಪನ ಮತ್ತೆ ನೀರಿನ ಒತ್ತಡ ಎರಡೂ ಆಗಿಂದಾಗ್ಗೆ ದಡಕ್ಕೆ ಬರುತ್ತೆ. ಅದ್ಭುತ ವ್ಯವಸ್ಥೆ, ಆದ್ರೆ ಅಷ್ಟು ದುಡ್ಡು ಸುರಿಯೋಕೆ ಎಷ್ಟು ದೇಶಕ್ಕೆ ಆಗುತ್ತೆ ಹೇಳಿ.

ಈಗ ವಿಷಯಕ್ಕೆ ಬರೋಣ. ಸಮುದ್ರದ ತಳದಲ್ಲಿ ಆಗಲೇ 10 ಲಕ್ಷ ಕಿ.ಮೀ.ಗೂ ಜಾಸ್ತಿ ಕೇಬಲ್ ಬಿದ್ದಿದೆ, ಇಂಟರ್ನೆಟ್ಟಿಗೆ ಅಂತ ಹಾಕಿರೋದು. ಇಂಟರ್ನೆಟ್ ಸ್ಯಾಟಲೈಟಿಂದ ಬರುತ್ತೆ ಅಂತ ಇನ್ನೂ ತುಂಬಾ ಜನ ಅಂದ್ಕೊಂಡಿದ್ದಾರೆ, ಆದ್ರೆ ಖಂಡದಿಂದ ಖಂಡಕ್ಕೆ ಹೋಗೋ ಡೇಟಾದಲ್ಲಿ ಶೇ. 95ಕ್ಕೂ ಹೆಚ್ಚು ಈ ಕೇಬಲ್ಲುಗಳ ಒಳಗೇ ಓಡಾಡೋದು. ಕೇಬಲ್ಲಿನ ಒಳಗಿರೋದು ಗಾಜಿನ ಎಳೆ, ಅದೇ ಫೈಬರ್, ಎಳೆಯೊಳಗೆ ಲೇಸರ್ ಬೆಳಕು. ನೆಲ ಅದುರಿದ್ರೆ ಕೇಬಲ್ ಅದುರುತ್ತೆ, ಕೇಬಲ್ ಅದುರಿದ್ರೆ ಗಾಜು ಒಂಚೂರು ಹಿಗ್ಗುತ್ತೆ ಇಲ್ಲಾ ಕುಗ್ಗುತ್ತೆ, ಹಾಗಾದ್ರೆ ಬೆಳಕಿನಲ್ಲಿ ಏನೋ ಒಂದು ವ್ಯತ್ಯಾಸ ಆಗ್ಲೇಬೇಕು. ಆ ವ್ಯತ್ಯಾಸ ಹಿಡಿಯೋಕೆ ಬಂದ್ರೆ ಕೇಬಲ್ಲೇ ಸೀಸ್ಮೋಮೀಟರ್. ಟೆಲಿಕಾಂ ಎಂಜಿನಿಯರುಗಳು ಇಷ್ಟು ವರ್ಷ ಇದನ್ನ ನಾಯ್ಸ್ ಅಂತ ಸೋಸಿ ಎಸೀತಿದ್ರು, ಭೂಕಂಪದವರಿಗೆ ಬೇಕಾಗಿರೋದು ಆ ನಾಯ್ಸೇ.

ಕೇಬಲ್ಲು ಭೂಕಂಪದ ಕಥೆ ಹೇಳೋದು ಹೊಸದೇನಲ್ಲ ಬಿಡಿ. 1929ರ ನವೆಂಬರ್ 18ಕ್ಕೆ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದಕ್ಷಿಣಕ್ಕೆ ಸಮುದ್ರದಲ್ಲಿ 7.2 ತೀವ್ರತೆಯ ಭೂಕಂಪ ಆಯ್ತು, ಸುನಾಮಿಗೆ 28 ಜನ ಸತ್ತರು, ಅಟ್ಲಾಂಟಿಕ್ ದಾಟೋ 12 ಟೆಲಿಗ್ರಾಫ್ ಕೇಬಲ್ ಕಟ್ಟಾದವು. ಹತ್ರದವು ತಕ್ಷಣ ಹೋದ್ವು, ಆದ್ರೆ ಇಳಿಜಾರಿನ ಕೆಳಗಿನವು ಒಂದಾದ ಮೇಲೊಂದು ಗಂಟೆಗಟ್ಟಲೆ ಬಿಟ್ಟು ಸಾಲಾಗಿ ಹೋದ್ವು. ಯಾವ ಕೇಬಲ್ ಎಷ್ಟೊತ್ತಿಗೆ ಸತ್ತಿತು ಅನ್ನೋದು ಟೆಲಿಗ್ರಾಫ್ ಆಫೀಸಲ್ಲಿ ಬರೆದಿಟ್ಟಿರ್ತಾರಲ್ಲ, ಅದನ್ನ ಇಟ್ಕೊಂಡು ಹೀಜೆನ್ ಮತ್ತು ಯೂಯಿಂಗ್ ಅನ್ನೋ ವಿಜ್ಞಾನಿಗಳು 1952ರಲ್ಲಿ ಲೆಕ್ಕ ಹಾಕಿ, ಭೂಕಂಪಕ್ಕೆ ಕುಸಿದ ಕೆಸರು ಸಮುದ್ರದಡಿಯಲ್ಲಿ ಪ್ರವಾಹದ ಥರ ಹರ್ಕೊಂಡು ಹೋಗಿ ಕೇಬಲ್ಲುಗಳನ್ನ ಒಂದೊಂದಾಗಿ ಕಿತ್ತಿದೆ ಅಂತ ತೋರಿಸಿದ್ರು. ಅಲ್ಲಿ ಕೇಬಲ್ ಸತ್ತು ಸಾಕ್ಷಿ ಹೇಳ್ಬೇಕಾಯ್ತು, ಈಗಿನದರಲ್ಲಿ ಬದುಕಿದ್ದೇ ಹೇಳುತ್ತೆ.

ಹೇಗೆ ಅನ್ನೋದಕ್ಕೆ ಮೂರು ದಾರಿ ಇವೆ, ಮೂರರ ಗುಣ ಬೇರೆ ಬೇರೆ. ಮೊದಲನೆಯದಕ್ಕೆ ಡಿಸ್ಟ್ರಿಬ್ಯೂಟೆಡ್ ಅಕೂಸ್ಟಿಕ್ ಸೆನ್ಸಿಂಗ್ ಅಂತಾರೆ, ಚಿಕ್ಕದಾಗಿ ಡಾಸ್. ಇದನ್ನ ಸ್ವಲ್ಪ ನಿಧಾನಕ್ಕೆ ನೋಡೋಣ, ಇದು ತಿಳಿದ್ರೆ ಉಳಿದೆರಡು ಸಲೀಸು.

ಮಳೆಗಾಲದಲ್ಲಿ ಚಾರ್ಮಾಡಿ ಘಾಟಲ್ಲಿ ಮಂಜು ಕವಿದಾಗ ಹೈ ಬೀಮ್ ಹಾಕಿ ನೋಡಿ, ರಸ್ತೆ ಕಾಣೋದಿರಲಿ, ಹಾಕಿದ ಬೆಳಕೇ ತಿರುಗಿ ಕಣ್ಣಿಗೆ ಹೊಡೆಯುತ್ತೆ, ಮಂಜಿನ ಒಂದೊಂದು ಹನಿಯೂ ಚೂರು ಚೂರು ಬೆಳಕನ್ನ ವಾಪಸ್ ಕಳಿಸ್ತಿರುತ್ತೆ. ಫೈಬರಿನ ಗಾಜಿನಲ್ಲೂ ಇದೇ ಆಗೋದು. ಎಷ್ಟೇ ಶುದ್ಧ ಗಾಜಾದ್ರೂ ಕಾದು ತಣ್ಣಗಾಗುವಾಗ ಅದರ ಸಾಂದ್ರತೆ ಎಲ್ಲಾ ಕಡೆ ಒಂದೇ ಸಮ ಇರಲ್ಲ, ಕಣ್ಣಿಗೆ ಕಾಣದ ಏರುಪೇರು ಉದ್ದಕ್ಕೂ ಉಳ್ಕೊಂಡಿರುತ್ತೆ, ಬೆಳಕು ಅದನ್ನ ದಾಟುವಾಗೆಲ್ಲ ಒಂಚೂರು ಹಿಂದಕ್ಕೆ ಚದುರುತ್ತೆ. ಇದು ರೇಲೀ ಚದುರುವಿಕೆ, ಆಕಾಶ ನೀಲಿ ಕಾಣೋಕೆ ಕಾರಣ ಆಗಿರೋದೂ ಇದೇ. ಸಮುದ್ರ ನೀಲಿ ಇರೋದು ಆಕಾಶದ ಪ್ರತಿಬಿಂಬದಿಂದ ಅಂತ ಇದಕ್ಕೆ ಹೆಸರು ಕೊಟ್ಟ ವಿಜ್ಞಾನಿ ರೇಲೀನೇ ಹೇಳಿದ್ದ, 1921ರಲ್ಲಿ ಹಡಗಲ್ಲಿ ಬರುವಾಗ ಅದನ್ನ ಒಪ್ಪದೆ ಪರೀಕ್ಷೆಗೆ ಇಳಿದೋರು ನಮ್ಮ ಸಿ.ವಿ. ರಾಮನ್, ಮುಂದೆ ರಾಮನ್ ಚದುರುವಿಕೆ ಸಿಕ್ಕಿದ್ದು ಆ ಜಾಡಲ್ಲೇ. ಮಜಾ ಅಂದ್ರೆ ಆ ರಾಮನ್ ಚದುರುವಿಕೆ ಹಿಡಿದು ಫೈಬರಿನ ಉದ್ದಕ್ಕೂ ಉಷ್ಣತೆ ಅಳೆಯೋ ಉಪಕರಣಗಳೂ ಇವೆ, ತೈಲಬಾವಿಗಳಲ್ಲಿ ಬಳಸ್ತಾರೆ. ಭೂಕಂಪಕ್ಕೆ ಮಾತ್ರ ರೇಲೀದು.

ದಡದಲ್ಲಿ ಕೇಬಲ್ಲಿನ ತುದಿಗೆ ಒಂದು ಪೆಟ್ಟಿಗೆ ಕೂರಿಸ್ತಾರೆ, ಇಂಟರಾಗೇಟರ್ ಅಂತ. ಅದು ಫೈಬರಿನೊಳಗೆ ಲೇಸರ್ ಪಲ್ಸ್ ಬಿಡುತ್ತೆ, ತಿರುಗಿ ಬರೋ ಸಣ್ಣ ಬೆಳಕನ್ನ ಓದುತ್ತೆ. ಗಾಜಿನೊಳಗೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ., ಹಾಗಾಗಿ ಒಂದು ಕಿ.ಮೀ. ದೂರದಿಂದ ಚದುರಿದ್ದು ಹೋಗಿಬರೋಕೆ 10 ಮೈಕ್ರೋಸೆಕೆಂಡ್. ಎಷ್ಟೊತ್ತಿಗೆ ವಾಪಸ್ ಬಂತು ಅಂತ ನೋಡಿದ್ರೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು. 50 ಕಿ.ಮೀ. ಕೇಬಲ್ಲಾದ್ರೆ ತುದಿಯಿಂದ ಬರೋಕೆ ಅರ್ಧ ಮಿಲಿಸೆಕೆಂಡ್ ಸಾಕು, ಅಂದ್ರೆ ಸೆಕೆಂಡಿಗೆ 2,000 ಸಲ ಪೂರ್ತಿ ಕೇಬಲ್ಲನ್ನ ತಡವಿ ನೋಡಬಹುದು. ಒಂದು ಪಲ್ಸಿನ ಉತ್ತರಕ್ಕೂ ಇನ್ನೊಂದರ ಉತ್ತರಕ್ಕೂ ಎಲ್ಲಾದ್ರೂ ಬೆಳಕಿನ ಫೇಸ್, ಅಂದ್ರೆ ಅಲೆಯ ಏರಿಳಿತದ ಹಂತ, ಹಿಂದುಮುಂದಾಗಿದ್ರೆ ಆ ಜಾಗದಲ್ಲಿ ಗಾಜು ಹಿಗ್ಗಿದೆ ಇಲ್ಲಾ ಕುಗ್ಗಿದೆ ಅಂತ ಅರ್ಥ. ಎಷ್ಟು ಸೂಕ್ಷ್ಮ ಅಂದ್ರೆ 10 ಮೀಟರಿನ ಒಂದು ತುಂಡು 10 ನ್ಯಾನೋಮೀಟರ್ ಉದ್ದ ಆದ್ರೂ ಹಿಡಿಯಬಹುದು. ಆ ಲೇಸರಿನ ತರಂಗದ ಉದ್ದವೇ 1,550 ನ್ಯಾನೋಮೀಟರ್, ಅದರ ಮುಂದೆ ಈ 10 ಏನೇನೂ ಅಲ್ಲ.

ಇದನ್ನ ಸಮುದ್ರದಲ್ಲಿ ಮಾಡಿ ತೋರಿಸಿದ ಕೆಲಸಗಳಲ್ಲಿ ನಂಗೆ ಇಷ್ಟ ಆಗೋದು ಕ್ಯಾಲಿಫೋರ್ನಿಯಾದ ಮಾಂಟೆರೇ ಕೊಲ್ಲಿಯದು. ಅಲ್ಲಿ ಮಾರ್ಸ್ ಅಂತ ಒಂದು 52 ಕಿ.ಮೀ. ಸಂಶೋಧನಾ ಕೇಬಲ್ ಇದೆ, ಸಮುದ್ರದ ತಳದಲ್ಲಿರೋ ಉಪಕರಣಗಳಿಗೆ ಕರೆಂಟು, ಡೇಟಾ ಕೊಡೋದು. 2018ರ ಮಾರ್ಚಲ್ಲಿ ಮೇಂಟೆನೆನ್ಸಿಗೆ ಅಂತ ಅದನ್ನ ನಿಲ್ಲಿಸಿದ್ರು, ಕೇಬಲ್ ಹೇಗೂ ಸುಮ್ನೆ ಬಿದ್ದಿದೆಯಲ್ಲ ಅಂತ ನೇಟ್ ಲಿಂಡ್ಸಿ ಅನ್ನೋ ವಿಜ್ಞಾನಿ ಮತ್ತು ಜೊತೆಯವರು ನಾಲ್ಕು ದಿನ ಡಾಸ್ ಪೆಟ್ಟಿಗೆ ಸಿಕ್ಕಿಸಿದ್ರು. 20 ಕಿ.ಮೀ. ಉದ್ದಕ್ಕೆ 2 ಮೀಟರಿಗೊಂದರಂತೆ ಸುಮಾರು 10,000 ಸೆನ್ಸಾರ್ ಆಯ್ತು, ನೀರಿಗೆ ಒಂದು ಮೆಷಿನ್ನೂ ಇಳಿಸದೆ. ಆ ನಾಲ್ಕೇ ದಿನದಲ್ಲಿ ಅವರ ಅದೃಷ್ಟಕ್ಕೆ ಕ್ಯಾಲಿಫೋರ್ನಿಯಾದ್ದೇ ಗಿಲ್‌ರಾಯ್ ಊರಿನ ಹತ್ರ 3.4ರ ಒಂದು ಭೂಕಂಪನೂ ಆಯ್ತು. ಆ ಅಲೆಗಳು ಕೇಬಲ್ಲಿನ ಉದ್ದಕ್ಕೂ ಎಲ್ಲೆಲ್ಲಿ ಹೇಗೆ ಚದುರಿದ್ವು ಅಂತ ನೋಡಿದಾಗ ಅದುವರೆಗೆ ಮ್ಯಾಪಲ್ಲೇ ಇಲ್ಲದ ಬಿರುಕುಗಳು ಸಮುದ್ರದ ತಳದಲ್ಲಿ ಸಿಕ್ಕವು. ಇನ್ನೊಂದು ಕಡೆ ಬೆಲ್ಜಿಯಂ ಕರಾವಳಿಯಲ್ಲಿ ಗಾಳಿ ವಿದ್ಯುತ್ತಿನ ಕೇಬಲ್ಲಿನೊಳಗಿದ್ದ ಫೈಬರಿಗೆ ಇದೇ ಥರ ಮಾಡಿದಾಗ, 2018ರ ಆಗಸ್ಟಲ್ಲಿ ಫಿಜಿಯಲ್ಲಾದ 8.2ರ ಭೂಕಂಪ, 16,000 ಕಿ.ಮೀ.ಗೂ ಆಚೆಯದ್ದು, ಅಲ್ಲಿ ದಾಖಲಾಯ್ತು.

ಇಷ್ಟೆಲ್ಲಾ ಚೆನ್ನಾಗಿದ್ರೆ ಎಲ್ಲಾ ಕೇಬಲ್ಲಿಗೂ ಒಂದೊಂದು ಪೆಟ್ಟಿಗೆ ಇಟ್ಟುಬಿಡಬಹುದಿತ್ತು. ಆಗಲ್ಲ. ವಾಪಸ್ ಬರೋ ಬೆಳಕು ಮೊದಲೇ ಚಿಟಿಕೆಯಷ್ಟು, ದೂರ ಹೋದಷ್ಟೂ ಕ್ಷೀಣ, 100-150 ಕಿ.ಮೀ. ದಾಟಿದ್ರೆ ಡಾಸಿಗೆ ಏನೂ ಕೇಳಲ್ಲ. ಮೇಲಾಗಿ ಉದ್ದದ ಕೇಬಲ್ಲುಗಳಲ್ಲಿ 60-100 ಕಿ.ಮೀ.ಗೊಂದು ರಿಪೀಟರ್ ಇರುತ್ತೆ, ದಣಿದ ಬೆಳಕಿಗೆ ಮತ್ತೆ ಶಕ್ತಿ ತುಂಬಿ ಮುಂದಕ್ಕೆ ಕಳಿಸೋದು. ಅದರೊಳಗೆ ಐಸೊಲೇಟರ್ ಅಂತ ಒಂದು ಭಾಗ ಇದೆ, ಬೆಳಕು ಹಿಂದಕ್ಕೆ ಹೋಗದಂಗೆ ತಡೆಯೋಕೆ ಅಂತಲೇ ಇಟ್ಟಿರೋದು. ಡಾಸ್ ನಿಂತಿರೋದೇ ಹಿಂದಕ್ಕೆ ಬರೋ ಬೆಳಕಿನ ಮೇಲೆ! ಹೀಗಾಗಿ ಮೊದಲ ರಿಪೀಟರಿಗೇ ಆಟ ಮುಗೀತು, ಕರಾವಳಿಯ ಅಂಚು ಬಿಟ್ಟು ಮಹಾಸಾಗರದ ನಡುವಿಗೆ ಹೋಗೋಕಾಗಲ್ಲ.

ಎರಡನೇ ದಾರಿ ಸಿಕ್ಕಿದ್ದು ಭೂಕಂಪಕ್ಕೂ ತಮಗೂ ಸಂಬಂಧ ಇಲ್ಲದವರಿಗೆ. ಇಂಗ್ಲೆಂಡಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ ಜುಸೆಪ್ಪೆ ಮಾರ್ರಾ ಅನ್ನೋರು ಪರಮಾಣು ಗಡಿಯಾರಗಳನ್ನ ಫೈಬರ್ ಮೂಲಕ ತಾಳೆ ನೋಡೋ ಕೆಲಸದಲ್ಲಿದ್ರು. ಅದಕ್ಕೆ ಬೇಕಾದ ಲೇಸರ್ ಎಂಥದ್ದಂದ್ರೆ ಅದರ ಆವರ್ತನ ಒಂಚೂರೂ ಅಲ್ಲಾಡಬಾರದು, ದಾರಿಯಲ್ಲಿ ಫೈಬರ್ ಅಲ್ಲಾಡಿದ್ರೆ ಅದನ್ನ ಅಳೆದು ಕಳೀಬೇಕು. ಆ ಕಳೆಯೋ ಲೆಕ್ಕ ನೋಡ್ತಾ ಕೂತವರಿಗೆ 2016ರ ಮಧ್ಯ ಇಟಲಿಯ ಭೂಕಂಪದ ಗುರುತು ಇಂಗ್ಲೆಂಡಿನ 79 ಕಿ.ಮೀ. ಫೈಬರಲ್ಲಿ ಕಾಣಿಸ್ತು. ಆಮೇಲೆ ಮಾಲ್ಟಾ-ಸಿಸಿಲಿ ನಡುವಿನ 96 ಕಿ.ಮೀ. ಸಮುದ್ರ ಕೇಬಲ್ಲಲ್ಲಿ ಮಾಡಿ ನೋಡಿದ್ರು, 3.4ರ ಒಂದು ಸಣ್ಣ ಭೂಕಂಪ ಅಲ್ಲೂ ಸಿಕ್ತು, 2018ರಲ್ಲಿ ಪ್ರಕಟ ಆಯ್ತು. ಇದರಲ್ಲಿ ಬೆಳಕು ಕೇಬಲ್ಲಿನ ಆ ತುದಿಗೆ ಹೋಗಿ ಬರೋದ್ರಿಂದ ರಿಪೀಟರ್ ಅಡ್ಡಿ ಇಲ್ಲ, ಸಾವಿರಾರು ಕಿ.ಮೀ. ಆದ್ರೂ ಸರಿ. ಕೊರತೆ ಏನಪ್ಪಾ ಅಂದ್ರೆ ಇಡೀ ಕೇಬಲ್ ಸೇರಿ ಒಂದೇ ಸೆನ್ಸಾರ್, ಅದುರಿದ್ದು ಗೊತ್ತಾಗುತ್ತೆ, ಎಲ್ಲಿ ಅನ್ನೋದು ನೇರವಾಗಿ ಗೊತ್ತಾಗಲ್ಲ. 2022ರಲ್ಲಿ ಇದಕ್ಕೂ ಉಪಾಯ ಕಂಡ್ಕೊಂಡ್ರು. ಯಾವ ರಿಪೀಟರ್ ಕೆಟ್ಟಿದೆ ಅಂತ ಕಂಪನಿಯವರು ಪರೀಕ್ಷೆ ಮಾಡೋಕೆ ಒಂದೊಂದು ರಿಪೀಟರಲ್ಲೂ ಸ್ವಲ್ಪ ಬೆಳಕನ್ನ ಪಕ್ಕದ ಫೈಬರ್ ಮೂಲಕ ವಾಪಸ್ ತಿರುಗಿಸೋ ಒಂದು ಸಣ್ಣ ದಾರಿ ಇಟ್ಟಿರ್ತಾರೆ. ಅದನ್ನೇ ಬಳಸಿ ಇಂಗ್ಲೆಂಡ್-ಕೆನಡಾ ನಡುವಿನ 5,860 ಕಿ.ಮೀ. ಕೇಬಲ್ಲನ್ನ 12 ತುಂಡಾಗಿ ಬೇರೆ ಬೇರೆ ಓದಿದ್ರು, ಭೂಕಂಪದ ಜೊತೆಗೆ ತಳದ ನೀರಿನ ಹರಿವೂ ಸಿಕ್ತು.

ಮೂರನೇದು ಎಲ್ಲಕ್ಕಿಂತ ಅಗ್ಗ. ಬೆಳಕಿನ ಅಲೆ ಮುಂದೆ ಹೋಗ್ತಾ ಯಾವ ದಿಕ್ಕಿಗೆ ಕಂಪಿಸುತ್ತೆ ಅನ್ನೋದು ಧ್ರುವೀಕರಣ, ಅದೇ ಪೋಲರೈಸೇಶನ್. ಈಗಿನ ಸಮುದ್ರ ಕೇಬಲ್ಲುಗಳಲ್ಲಿ ಎರಡು ಧ್ರುವೀಕರಣದಲ್ಲಿ ಎರಡು ಪಾಲು ಡೇಟಾ ತುಂಬಿ ಕಳಿಸ್ತಾರೆ, ಕೇಬಲ್ ಅಲುಗಿ ಅವು ತಿರುಚಿಕೊಂಡ್ರೆ ಆ ತುದಿಯ ರಿಸೀವರ್ ಲೆಕ್ಕ ಹಾಕಿ ಬಿಚ್ಚಿ ಸರಿ ಮಾಡ್ಕೊಳ್ಳುತ್ತೆ. ಎಷ್ಟು ಬಿಚ್ಚಬೇಕಾಯ್ತು ಅನ್ನೋ ಲೆಕ್ಕ ಆ ಮೆಷಿನ್ನಲ್ಲಿ ಆಗಲೇ ಇದೆ, ಹೊಸ ಲೇಸರ್ ಬೇಡ, ಹೊಸ ಪೆಟ್ಟಿಗೆ ಬೇಡ, ಆ ಅಂಕಿ ಕೊಟ್ರೆ ಸಾಕು. ನೆಲದ ಮೇಲಿನ ಫೈಬರಲ್ಲಿ ಇದು ಕಷ್ಟ, ಬಿಸಿಲು, ಲಾರಿ, ರೈಲು, ರಸ್ತೆ ಅಗೆಯೋರು, ಎಲ್ಲಾ ಸೇರಿ ಕಲಸುಮೇಲೋಗರ. ಆಳಸಮುದ್ರದಲ್ಲಿ ಉಷ್ಣತೆ ಬದಲಾಗಲ್ಲ, ಓಡಾಡೋರಿಲ್ಲ, ಅಲ್ಲಿ ಧ್ರುವೀಕರಣ ಏಕಾಏಕಿ ಕುಣಿದ್ರೆ ನೆಲ ಕುಣಿದಿದೆ ಅಂತಲೇ. 2020ರ ಜನವರಿ 28ಕ್ಕೆ ಜಮೈಕಾ ಹತ್ರ 7.7ರ ಭೂಕಂಪ ಆದಾಗ ಸುಮಾರು 1,500 ಕಿ.ಮೀ. ದೂರದ ಗೂಗಲ್ ಕೇಬಲ್ಲಿನಲ್ಲಿ ಐದೇ ನಿಮಿಷಕ್ಕೆ ಗುರುತು ಬಿತ್ತು. ಲಾಸ್ ಏಂಜಲೀಸಿಂದ ಚಿಲಿಯ ವಾಲ್ಪರೈಸೊವರೆಗೆ ಹೋಗೋ ಗೂಗಲ್ಲಿನದೇ ಕ್ಯೂರಿ ಕೇಬಲ್, 10,000 ಕಿ.ಮೀ.ಗೂ ಹೆಚ್ಚು ಉದ್ದ, ಅದರಲ್ಲಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಝೊಂಗ್‌ವೆನ್ ಝಾನ್ ತಂಡ ಒಂಬತ್ತು ತಿಂಗಳು ನೋಡಿದಾಗ ಮಧ್ಯಮದಿಂದ ದೊಡ್ಡ ಗಾತ್ರದ ಸುಮಾರು 20 ಭೂಕಂಪ ಸಿಕ್ಕವು, ಬಿರುಗಾಳಿ ಎಬ್ಬಿಸಿದ ಅಲೆಗಳೂ ಸಿಕ್ಕವು. ಸಣ್ಣಪುಟ್ಟದ್ದು ಇದಕ್ಕೆ ಕೇಳಲ್ಲ, ಜಾಗನೂ ಅಷ್ಟು ಸುಲಭಕ್ಕೆ ಹೇಳಲ್ಲ, ಆದ್ರೆ ಬಿಟ್ಟಿ.

ಈಚೆಗೆ ಈ ದಾರಿಗಳು ಒಂದಕ್ಕೊಂದು ಸೇರ್ಕೊಳ್ತಾ ಇವೆ. ನೋಕಿಯಾ ಬೆಲ್ ಲ್ಯಾಬ್ಸಿನವರು ರಿಪೀಟರಿನ ಆ ವಾಪಸ್ ದಾರಿ ಹಿಡ್ಕೊಂಡು ಡಾಸನ್ನೇ ಮಹಾಸಾಗರದಾಚೆಗೆ ತಗೊಂಡು ಹೋಗಿದ್ದಾರೆ, ಹವಾಯಿ-ಕ್ಯಾಲಿಫೋರ್ನಿಯಾ ನಡುವಿನ 4,400 ಕಿ.ಮೀ. ಕೇಬಲ್ಲಲ್ಲಿ 100 ಮೀಟರಿಗೊಂದು ಸೆನ್ಸಾರ್ ಲೆಕ್ಕದಲ್ಲಿ ಓದಿದ್ದಾರೆ, 2025ರ ಜುಲೈಯಲ್ಲಿ ರಷ್ಯಾದ ಕಮ್ಚಾಟ್ಕಾದಲ್ಲಿ 8.8ರ ಭೂಕಂಪ ಆಯ್ತಲ್ಲ, ಅದು ಇದರಲ್ಲಿ ದಾಖಲಾಗಿದೆ.

ಇದರಿಂದ ಎಷ್ಟು ಸಮಯ ಉಳಿಯುತ್ತೆ? ದಡದಿಂದ 100 ಕಿ.ಮೀ. ದೂರದಲ್ಲಿ ಭೂಕಂಪ ಆಯ್ತು ಅನ್ಕೊಳ್ಳಿ. ಮೊದಲು ಬರೋ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ದಡಕ್ಕೆ 16 ಸೆಕೆಂಡ್ ಆಸುಪಾಸು. ಮನೆ ಬೀಳಿಸೋ ಎಸ್ ಅಲೆ ಸೆಕೆಂಡಿಗೆ ಮೂರೂವರೆ ಕಿ.ಮೀ., ಅದಕ್ಕೆ 28 ಸೆಕೆಂಡ್. ಈಗಿನ ವ್ಯವಸ್ಥೆಗೆ ಸಿಗೋದು ಈ ಎರಡರ ನಡುವಿನ 12 ಸೆಕೆಂಡ್, ಅದ್ರಲ್ಲೂ ಲೆಕ್ಕ ಹಾಕೋಕೆ ಒಂದಿಷ್ಟು ಹೋಗುತ್ತೆ. ಭೂಕಂಪದ ಮೇಲೇ ಕೇಬಲ್ ಹಾದು ಹೋಗಿದ್ರೆ ಆ 16 ಸೆಕೆಂಡಿನ ಬಹುಪಾಲು ಉಳೀತು, ಯಾಕಂದ್ರೆ ಬೆಳಕಿಗೆ 100 ಕಿ.ಮೀ. ಬರೋಕೆ ಅರ್ಧ ಮಿಲಿಸೆಕೆಂಡ್. ಹದಿನೈದು ಸೆಕೆಂಡಲ್ಲಿ ಏನು ಮಹಾ ಅನ್ಸಬಹುದು, ರೈಲಿಗೆ ಬ್ರೇಕ್ ಬೀಳುತ್ತೆ, ಲಿಫ್ಟ್ ಹತ್ತಿರದ ಮಹಡಿಗೆ ಬಂದು ಬಾಗಿಲು ತೆಗೆಯುತ್ತೆ, ಗ್ಯಾಸ್ ಲೈನ್ ಬಂದ್ ಆಗುತ್ತೆ. ಸುನಾಮಿಗಾದ್ರೆ ಸಿಗೋದು ನಿಮಿಷಗಳ ಲೆಕ್ಕ, ಆಳನೀರಲ್ಲೂ ಅದರ ವೇಗ ಗಂಟೆಗೆ 700-800 ಕಿ.ಮೀ., ಕಲ್ಲಿನ ಅಲೆಗಿಂತ ತುಂಬಾ ನಿಧಾನ. ಅಲೆ ನಿಜವಾಗ್ಲೂ ಎದ್ದಿದೆಯಾ ಅಂತ ನೋಡೋಕೆ ಈಗ ಸಮುದ್ರದ ತಳದಲ್ಲಿ ಒತ್ತಡ ಅಳೆಯೋ ಯಂತ್ರ ಇಟ್ಟು ಮೇಲೆ ತೇಲೋ ಬೋಯ್ ಕಟ್ಟಿರ್ತಾರೆ, ಆ ಬೋಯ್‌ಗಳಿಗೆ ದೋಣಿ ಕಟ್ಟೋದು, ಬಿಡಿಭಾಗ ಬಿಚ್ಕೊಂಡು ಹೋಗೋದು ಎಲ್ಲಾ ಸಮುದ್ರದಲ್ಲೂ ಇದೆ. ತಳದ ಕೇಬಲ್ಲಿಗೆ ಆ ಕಾಟ ಇಲ್ಲ, ಲಂಗರಿನ ಕಾಟ ಇದೆ ಅದು ಬೇರೆ.

ಕಷ್ಟಗಳೂ ಇವೆ. ಡಾಸ್ ಅಳೆಯೋದು ಕೇಬಲ್ಲಿನ ಉದ್ದಕ್ಕೆ ಆಗೋ ಎಳೆತ ಮಾತ್ರ, ಅಡ್ಡಡ್ಡ ಬಂದು ಹೊಡೆಯೋ ಅಲೆಗೆ ಅದು ಮಂದ. ಕೇಬಲ್ ಕೆಸರಲ್ಲಿ ಹೂತಿದ್ರೆ ಒಳ್ಳೇದು, ಕಲ್ಲಿಂದ ಕಲ್ಲಿಗೆ ಜೋತು ಬಿದ್ದಿದ್ರೆ ನೀರಿನ ಹರಿವಿಗೆ ತಾನೇ ನಡುಗುತ್ತೆ. ಡೇಟಾ ಅಂತೂ ಕೇಳ್ಬೇಡಿ, 10,000 ಸೆನ್ಸಾರ್, ಸೆಕೆಂಡಿಗೆ 1,000 ಅಂಕಿ, ಅಂಕಿಗೆ 4 ಬೈಟ್, ಗುಣಿಸಿ ನೋಡಿ, ದಿನಕ್ಕೆ ಸುಮಾರು ಮೂರೂವರೆ ಟೆರಾಬೈಟ್ ಆಗುತ್ತೆ, ಅಷ್ಟನ್ನೂ ಇಡೋಕಾಗಲ್ಲ, ಅಲ್ಲೇ ಸೋಸಿ ಬೇಕಾದ್ದು ಮಾತ್ರ ಉಳಿಸ್ಬೇಕು.

ಆದ್ರೆ ನನ್ನ ಪ್ರಕಾರ ದೊಡ್ಡ ಅಡ್ಡಿ ಇರೋದು ಕಾಗದ ಪತ್ರದಲ್ಲಿ. ಕೇಬಲ್ ಕಂಪನಿಯವರಿಗೆ ದುಡ್ಡು ತರೋ ಫೈಬರನ್ನ ಯಾರೋ ಮುಟ್ತಾರೆ ಅಂದ್ರೇ ಭಯ. ಅದಕ್ಕಿಂತ ಭಯ ಸರ್ಕಾರಗಳಿಗೆ, ಯಾಕಂದ್ರೆ ಭೂಕಂಪ ಕೇಳೋ ಕೇಬಲ್ಲಿಗೆ ಮೇಲೆ ಹೋಗೋ ಹಡಗೂ ಕೇಳುತ್ತೆ, ಸ್ವಾಲ್ಬಾರ್ಡ್ ದ್ವೀಪದ ಹತ್ರ ಡಾಸಲ್ಲಿ ತಿಮಿಂಗಿಲಗಳ ಹಾಡೇ ರೆಕಾರ್ಡ್ ಆಗಿದೆ, ಹಾಗಿರುವಾಗ ನೌಕಾಪಡೆಯ ಸಬ್‌ಮರೀನ್ ಕೇಳಿಸಿಬಿಟ್ರೆ? ಆ ಡೇಟಾ ಯಾರ ಕೈಲಿರಬೇಕು? ಕಾನೂನೂ ಇಲ್ಲಿ ಎಡವುತ್ತೆ. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ಇನ್ನೊಂದು ದೇಶದ 200 ನಾಟಿಕಲ್ ಮೈಲಿ ಆರ್ಥಿಕ ವಲಯದಲ್ಲಿ ಕೇಬಲ್ ಎಳೆಯೋಕೆ ಎಲ್ಲಾ ದೇಶಕ್ಕೂ ಸ್ವಾತಂತ್ರ್ಯ ಇದೆ, ವೈಜ್ಞಾನಿಕ ಸಂಶೋಧನೆಗೆ ಮಾತ್ರ ಆ ದೇಶದ ಒಪ್ಪಿಗೆ ಬೇಕು. ಇಂಟರ್ನೆಟ್ಟಿಗೆ ಎಳೆದ ಕೇಬಲ್ಲು ಭೂಕಂಪನೂ ಅಳೆದ್ರೆ ಅದು ಕೇಬಲ್ಲೋ ಸಂಶೋಧನೆಯೋ? ಒಬ್ಬೊಬ್ಬ ವಕೀಲರು ಒಂದೊಂದು ಥರ ಹೇಳ್ತಾರೆ. ಪೋರ್ಚುಗಲ್ ಈ ತಲೆನೋವನ್ನ ಬೇರೆ ರೀತಿ ದಾಟ್ತಾ ಇದೆ, ಲಿಸ್ಬನ್ನಿಂದ ಅಜೋರ್ಸ್, ಮದೀರಾ ದ್ವೀಪಗಳಿಗೆ ಹಳೇ ಕೇಬಲ್ ಬದಲಾಯಿಸುವಾಗಲೇ ರಿಪೀಟರುಗಳಲ್ಲಿ ಕಂಪನ, ಒತ್ತಡ, ಉಷ್ಣತೆ ಅಳೆಯೋ ಸೆನ್ಸಾರ್ ಸೇರಿಸಿ ಹಾಕೋ ಯೋಜನೆ ಅದರದ್ದು, ಕೇಬಲ್ಲೂ ತನ್ನದೇ ದ್ವೀಪಗಳೂ ತನ್ನದೇ. 1755ರಲ್ಲಿ ಲಿಸ್ಬನ್ ನಗರವನ್ನೇ ಸಮುದ್ರದ ಭೂಕಂಪಕ್ಕೆ ಕಳ್ಕೊಂಡ ದೇಶ ಅದು.

ನಮ್ಮಲ್ಲಿ? 2004ರ ಡಿಸೆಂಬರ್ 26ಕ್ಕೆ ಸುಮಾತ್ರಾದಿಂದ ಅಂಡಮಾನ್‌ವರೆಗೆ ಸುಮಾರು 1,300 ಕಿ.ಮೀ. ಉದ್ದಕ್ಕೆ ಸಮುದ್ರದ ತಳ ಸೀಳಿತು, ಚೆನ್ನೈಗೆ ಅಲೆ ಬರೋಕೆ ಎರಡು ಗಂಟೆಗೂ ಹೆಚ್ಚು ಸಮಯ ಇತ್ತು, ಹೇಳೋರು ಇರಲಿಲ್ಲ. 2007ರಲ್ಲಿ ಹೈದರಾಬಾದಲ್ಲಿರೋ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯಿಸ್‌ನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಬಂತು, ಅದು ಚೆನ್ನಾಗೇ ಕೆಲಸ ಮಾಡ್ತಿದೆ, ಚೆನ್ನೈಗೆ ಸಾಕು ಕೂಡ. ನಮ್ಮ ಪಶ್ಚಿಮ ಕರಾವಳಿಗೆ ಹೆದರಿಕೆ ಇರೋದು ಪಾಕಿಸ್ತಾನ-ಇರಾನ್ ಎದುರಿನ ಮಕ್ರಾನ್ ಕಡೆಯಿಂದ, 1945ರ ನವೆಂಬರಲ್ಲಿ ಅಲ್ಲೆದ್ದ ಸುನಾಮಿ ಮುಂಬೈವರೆಗೆ ಬಂದು ಜನರನ್ನ ಎಳ್ಕೊಂಡು ಹೋಗಿತ್ತು. ಅದಕ್ಕೂ ದೂರ ಇದೆ, ಸಮಯ ಇದೆ. ಸಮಯ ಇಲ್ಲದಿರೋದು ಅಂಡಮಾನ್-ನಿಕೋಬಾರಿನವರಿಗೆ, ಅವರಿರೋದೇ ಆ ಬಿರುಕಿನ ಮಗ್ಗುಲಲ್ಲಿ.

ಈಗ ನೋಡಿ, 2020ರ ಆಗಸ್ಟ್ 10ಕ್ಕೆ ಉದ್ಘಾಟನೆ ಆದ ಚೆನ್ನೈ-ಅಂಡಮಾನ್ ಕೇಬಲ್, ಸುಮಾರು 2,300 ಕಿ.ಮೀ., ಚೆನ್ನೈಯಿಂದ ಪೋರ್ಟ್ ಬ್ಲೇರಿಗೆ ಹೋಗಿ ಅಲ್ಲಿಂದ ಲಿಟ್ಲ್ ಅಂಡಮಾನ್, ಕಾರ್ ನಿಕೋಬಾರ್, ಕಮೋರ್ಟಾ, ಗ್ರೇಟ್ ನಿಕೋಬಾರ್ ಅಂತ ದ್ವೀಪದಿಂದ ದ್ವೀಪಕ್ಕೆ ಹರಡ್ಕೊಂಡಿದೆ. 2004ರಲ್ಲಿ ಸೀಳಿದ ಗೆರೆಯ ಪಕ್ಕಪಕ್ಕದಲ್ಲೇ ಅಂದ್ರೂ ಸರಿ. ಕೇಬಲ್ ನಮ್ಮ ಸರ್ಕಾರದ ದುಡ್ಡಲ್ಲಿ ಹಾಕಿದ್ದು, ದ್ವೀಪಗಳು ನಮ್ಮವು, ಇನ್ನೊಂದು ದೇಶದ ಒಪ್ಪಿಗೆ ಕೇಳೋ ಪ್ರಮೇಯ ಇಲ್ಲ, ನೌಕಾಪಡೆಯ ಆತಂಕನೂ ಮನೆಯೊಳಗೇ ಕೂತು ಬಗೆಹರಿಸ್ಕೋಬಹುದು. ದ್ವೀಪಗಳ ನಡುವಿನ ಒಂದೊಂದು ತುದಿಯಲ್ಲಿ ಡಾಸ್ ಪೆಟ್ಟಿಗೆ ಇಟ್ರೆ ದಡದಿಂದ ಮೊದಲ 50-100 ಕಿ.ಮೀ. ಕೇಳುತ್ತೆ, ಅಲ್ಲಿಗೆ ಅದು ಸಾಲುತ್ತೆ. ಪರೀಕ್ಷೆ ಮಾಡೋಕೆ ದೊಡ್ಡ ಭೂಕಂಪಕ್ಕೆ ಕಾಯೋದೂ ಬೇಡ, ಆ ಭಾಗದಲ್ಲಿ ನಾಲ್ಕು, ಐದರವು ಆಗ್ತಾನೇ ಇರ್ತವೆ, ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಬ್ಯಾರೆನ್ ದ್ವೀಪನೂ ಪೋರ್ಟ್ ಬ್ಲೇರಿಂದ 140 ಕಿ.ಮೀ. ಒಳಗೇ ಇದೆ. ಆರು ತಿಂಗಳು ಕೇಳಿಸ್ಕೊಂಡು, ಅದೇ ಆರು ತಿಂಗಳ ದಡದ ಸೀಸ್ಮೋಮೀಟರ್ ಲೆಕ್ಕದ ಪಕ್ಕ ಇಟ್ಟು ನೋಡಿದ್ರೆ, ಎಷ್ಟು ಸೆಕೆಂಡ್ ಮುಂಚೆ ಸಿಗುತ್ತೆ ಅನ್ನೋದು ಗೊತ್ತಾಗುತ್ತೆ.